ಆ ಅರ್ಧ ಮನೆ ಎಲ್ಲಿಂದ ಬಂತು?

ಎಸ್ಸೆಸ್ಸೆಲ್ಸಿವರೆಗೆ ನನ್ನ ಪಾಲಿಗೆ ಎಕ್ಸ್ ಅಂದರೆ ಎಲ್ಲೋ ಅಡಗಿ ಕೂತ ಒಂದು ಸಂಖ್ಯೆ. ಆ ಕಡೆಯದನ್ನು ಈ ಕಡೆ ತಂದು, ಭಾಗಿಸಿ, ಕಿವಿ ಹಿಡಿದು ಎಳೆದು ತಂದರೆ ಎರಡು ಅಂಕ. ಫಸ್ಟ್ ಪಿಯುಸಿಗೆ ಬಂದು ಕಾಮರ್ಸ್ ಜೊತೆ ಸ್ಟ್ಯಾಟಿಸ್ಟಿಕ್ಸ್ ತೆಗೆದುಕೊಂಡ ಮೇಲೆ ಈ ನಂಬಿಕೆಗೆ ಪೆಟ್ಟು ಬಿತ್ತು. ದೊಡ್ಡ ಎಕ್ಸ್ ಒಂದು, ಸಣ್ಣ ಎಕ್ಸ್ ಇನ್ನೊಂದು. ಸಾಲದ್ದಕ್ಕೆ ಎರಡೂ ಸಮ ಅಂತ ಬೇರೆ ಬರೆಯಬೇಕು. ನಾನು ಕನ್ನಡ ಮಾಧ್ಯಮದಿಂದ ಬಂದವಳು. ದೊಡ್ಡ ಎಕ್ಸ್‌ಗೆ ಇಟ್ಟಿದ್ದ ಹೆಸರು ‘ರ್‍ಯಾಂಡಮ್ ವೇರಿಯಬಲ್’ ಅರ್ಥವಾಗದೆ ಕನ್ನಡದಲ್ಲಿ ಏನಂತಾರೆ ಅಂತ ಹುಡುಕಿದೆ. ‘ಯಾದೃಚ್ಛಿಕ ಚಲಕ’ ಅಂತ ಸಿಕ್ಕಿತು. ಇಂಗ್ಲಿಷೇ ವಾಸಿ ಅನ್ನಿಸಿತು.

ಸ್ಟ್ಯಾಟ್ಸ್ ಸರ್ ಮೊದಲ ದಿನ ವ್ಯಾಖ್ಯೆ ಬರೆಸಿದರು. ನಾವು ಬರೆದುಕೊಂಡೆವು. ಯಾರಿಗೂ ಏನೂ ಆಗಲಿಲ್ಲ. ಮರುದಿನ ಶರ್ಟಿನ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದರು. ಒಳಗೆ ನಾಲ್ಕು ಹುಣಸೆ ಬೀಜ. ಒಂದು ಬದಿ ಕಲ್ಲಿಗೆ ಉಜ್ಜಿ ಬಿಳಿ ಮಾಡಿದ್ದರು, ಇನ್ನೊಂದು ಬದಿ ಹಾಗೇ ಕಪ್ಪು. ಟೇಬಲ್ ಮೇಲೆ ಸೀಮೆಸುಣ್ಣದಲ್ಲಿ ಇಪ್ಪತ್ತೈದು ಮನೆ ಎಳೆದರು. ಹಿಂದಿನ ಬೆಂಚಿನಿಂದ ‘ಚೌಕಾಬಾರ!’ ಅಂತ ಕೂಗು ಬಂತು.

‘ಎರಡು ಬಿಳಿ ಬಿದ್ರೆ ಎಷ್ಟು ಮನೆ?’

‘ಎರಡು ಸರ್.’

‘ನಾಲ್ಕೂ ಬಿಳಿ?’

‘ನಾಲ್ಕು. ಚೌಕ.’

‘ಒಂದೂ ಬಿಳಿ ಇಲ್ಲ, ಎಲ್ಲಾ ಕಪ್ಪು?’

‘ಎಂಟು ಸರ್, ಬಾರ!’

‘ಯಾಕೆ ಎಂಟು? ಬಿಳಿ ಸೊನ್ನೆ ತಾನೇ ಇರೋದು?’

ಕ್ಲಾಸು ಗಪ್‌ಚಿಪ್. ಯಾಕೆ ಅಂದರೆ ಏನು ಹೇಳೋದು, ಆಟದ ನಿಯಮ ಅದು. ಅಜ್ಜಿ ಕಾಲದಿಂದ ಹಾಗೇ ಇದೆ. ಸರ್ ಕಾಯುತ್ತಿದ್ದದ್ದು ಅದಕ್ಕೇ. ‘ಆ ನಿಯಮ ಇದೆಯಲ್ಲ, ಅದೇ ದೊಡ್ಡ ಎಕ್ಸ್’ ಅಂದರು. ಬೀಜ ಹೇಗೆ ಬಿತ್ತು ಅನ್ನುವುದು ಒಂದು. ಬಿದ್ದದ್ದಕ್ಕೆ ಎಷ್ಟು ಮನೆ ಅಂತ ಹೇಳುವ ನಿಯಮ ಇನ್ನೊಂದು. ಮೂರು, ನಾಲ್ಕು, ಎಂಟು ಅಂತ ಕೊನೆಗೆ ಕೈಗೆ ಸಿಗುವುದು ಸಣ್ಣ ಎಕ್ಸ್. ನಿಯಮ ಎಲ್ಲೂ ಅಲ್ಲಾಡುವುದಿಲ್ಲ, ಅಲ್ಲಾಡುವುದು ಬೀಜ. ಹೆಸರಲ್ಲಿ ವೇರಿಯಬಲ್ ಅಂತ ಇದ್ದರೂ ಅದು ಪಕ್ಕಾ ಫಂಕ್ಷನ್, ಅಂದರೆ ನಿಯಮ. ಹೆಸರಿಟ್ಟವರ ಮೇಲೆ ನನಗೆ ಇವತ್ತಿಗೂ ಸ್ವಲ್ಪ ಸಿಟ್ಟಿದೆ.

ಆಮೇಲೆ ಬೋರ್ಡಿನ ಮೇಲೆ ಹದಿನಾರೂ ಜೋಡಣೆ ಬರೆಸಿದರು. ಬಿಳಿಗೆ ‘ಬಿ’, ಕಪ್ಪಿಗೆ ‘ಕ’. ಒಂದು ಮನೆ ಬೀಳುವ ದಾರಿ 4, ಎರಡಕ್ಕೆ 6, ಮೂರಕ್ಕೆ 4, ಚೌಕಕ್ಕೆ 1, ಬಾರಕ್ಕೆ 1. ಮನೆಯನ್ನು ದಾರಿಯಿಂದ ಗುಣಿಸಿ ಕೂಡಿದರೆ 40. ಹದಿನಾರರಿಂದ ಭಾಗಿಸಿದರೆ 2.5. ಇದೇ ಎಕ್ಸ್‌ಪೆಕ್ಟೇಶನ್, ಅಂದರೆ ನಿರೀಕ್ಷೆ. ನಾನು ಎದ್ದು ನಿಂತು, ‘ಎರಡೂವರೆ ಮನೆ ಕಾಯಿ ನಡೆಸೋದು ಹೇಗೆ ಸರ್? ಗೆರೆ ಮೇಲೆ ಇಡೋದಾ?’ ಅಂತ ಕೇಳಿದೆ. ಎಲ್ಲರೂ ನಕ್ಕರು. ಸರ್ ನಗಲಿಲ್ಲ. ‘ಇದನ್ನ ಯಾರೂ ನಿರೀಕ್ಷೆ ಮಾಡಬಾರದು. ಸಾವಿರ ಸಲ ಹಾಕಿ, ಬಿದ್ದ ಮನೆ ಎಲ್ಲಾ ಕೂಡಿ, ಸಾವಿರದಿಂದ ಭಾಗಿಸು. ಸುಮಾರು ಇಲ್ಲಿಗೆ ಬರುತ್ತೆ, ಅಷ್ಟೇ’ ಅಂದರು.

ಅಷ್ಟಕ್ಕೇ ಬಿಡಲಿಲ್ಲ. ‘ನಾಲ್ಕು ಬೀಜ, ಪ್ರತಿಯೊಂದೂ ಅರ್ಧ ಸಲ ಬಿಳಿ. ಸರಾಸರಿ ಎರಡು ಬಿಳಿ ಬೀಳಬೇಕು. ಮನೆ ಮಾತ್ರ ಎರಡೂವರೆ. ಆ ಅರ್ಧ ಮನೆ ಎಲ್ಲಿಂದ ಬಂತು?’

ನಾನು ಬೋರ್ಡನ್ನೇ ನೋಡುತ್ತಾ ನಿಂತಿದ್ದೆ. ಕಕಕಕ ಅನ್ನುವ ಸಾಲಿನ ಎದುರು ಎಂಟು ಅಂತ ಇತ್ತು. ಎಂಟನ್ನು ಹದಿನಾರರಿಂದ ಭಾಗಿಸಿದರೆ ಅರ್ಧ. ‘ಬಾರದಿಂದ ಸರ್’ ಅಂದೆ. ಅವರು ಸೀಮೆಸುಣ್ಣ ನನ್ನ ಕೈಗೆ ಕೊಟ್ಟು, ‘ಬಂದು ಬರಿ’ ಅಂದರು. ಪಿಯುಸಿ ಎರಡು ವರ್ಷದಲ್ಲಿ ನಾನು ಬೋರ್ಡಿನ ಹತ್ತಿರ ಹೋದದ್ದು ಅದೊಂದೇ ಸಲ.

‘ಚೌಕ, ಬಾರ ಬಿದ್ರೆ ಇನ್ನೊಂದು ಸಲ ಹಾಕಬಹುದು ಸರ್, ಅದನ್ನ ಲೆಕ್ಕಕ್ಕೆ ಹಿಡೀಲಿಲ್ಲ’ ಅಂತ ಒಬ್ಬ ತಕರಾರು ತೆಗೆದ. ‘ಡಿಗ್ರಿಗೆ ಹೋಗಿ ಮಾಡ್ಕೊ’ ಅಂದರು ಸರ್. ಅವನು ಮಾಡಿದನೋ ಇಲ್ಲವೋ, ಡಿಗ್ರಿಯಲ್ಲಿ ನಾನು ಮಾಡಿದೆ. ಏಳರಲ್ಲಿ ಇಪ್ಪತ್ತು ಭಾಗ, ಹತ್ತಿರ ಹತ್ತಿರ 2.86.

ಮುಂದಿನ ಪೀರಿಯಡ್‌ನಲ್ಲಿ ಎರಡು ಗುಂಪು ಮಾಡಿ ನಿಜವಾಗಿ ಆಡಿಸಿದರು. ಪಣ ಒಂದು ಪೊಟ್ಟಣ ಕಡಲೆ ಮಿಠಾಯಿ. ಆಟ ಅರ್ಧದಲ್ಲಿರುವಾಗ ಬೆಲ್ ಹೊಡೆಯಿತು. ಮಿಠಾಯಿ ಯಾರಿಗೆ? ಹುಡುಗಿಯರ ಎರಡು ಕಾಯಿ ಹಣ್ಣಾಗಿತ್ತು, ಹುಡುಗರದ್ದು ಒಂದು. ಜಗಳ ಜೋರಾದಾಗ ಸರ್, ‘ಇದೇ ಜಗಳ 1654ರಲ್ಲೂ ಇತ್ತು’ ಅಂದರು. ಅರ್ಧಕ್ಕೆ ನಿಂತ ಆಟದ ಪಣ ಹಂಚುವುದು ಹೇಗೆ ಅಂತ ಫ್ರಾನ್ಸಿನ ಗಣಿತಜ್ಞರಾದ ಪಾಸ್ಕಲ್ ಮತ್ತು ಫರ್ಮಾ ಪತ್ರ ಬರೆದುಕೊಂಡರಂತೆ. ಈವರೆಗೆ ಎಷ್ಟು ಗೆದ್ದರು ಅಂತ ನೋಡಬಾರದು, ಇನ್ನು ಮುಂದೆ ಆಟ ಎಷ್ಟು ದಾರಿಯಲ್ಲಿ ಮುಗಿಯಬಹುದು ಅಂತ ನೋಡಬೇಕು ಅನ್ನುವುದು ಅವರ ಉತ್ತರ. ಹಾಲೆಂಡಿನ ಹೈಗನ್ಸ್ 1657ರಲ್ಲಿ ಅದನ್ನೇ ಬೆಳೆಸಿ ಪುಸ್ತಕ ಮಾಡಿದ. ನಮ್ಮ ಮಿಠಾಯಿಗೆ ಅಷ್ಟು ಲೆಕ್ಕ ಮಾಡುವ ತಾಳ್ಮೆ ಯಾರಿಗೂ ಇರಲಿಲ್ಲ. ಕಿತ್ತುಕೊಂಡು ತಿಂದೆವು.

ಆ ಆಟದಲ್ಲಿ ಬಾರ ಸ್ವಲ್ಪ ಜಾಸ್ತಿಯೇ ಬಿದ್ದಿತ್ತು. ಉಜ್ಜಿದ ಬದಿ ಚಪ್ಪಟೆ, ಅದು ನೆಲಕ್ಕೆ ಅಂಟಿ ಕೂರುತ್ತದೆ, ಕಪ್ಪು ಮೇಲಾಗುತ್ತದೆ. ಸರ್ ಬೋರ್ಡಿನ ಮೇಲೆ ಸಂಭವನೀಯತೆಯ ಕಾಲಂ ಒಂದನ್ನೇ ಒರೆಸಿದರು. ಪಕ್ಕದಲ್ಲಿದ್ದ, ಎಷ್ಟು ಮನೆ ಅನ್ನುವ ಕಾಲಂ ಮುಟ್ಟಲಿಲ್ಲ. ಬೀಜ ಬೇರೆಯಾದರೂ ನಿಯಮ ಅದೇ ಅನ್ನುವುದನ್ನು ಡಸ್ಟರಿನಲ್ಲೇ ಹೇಳಿಬಿಟ್ಟರು.

ಈಗ ನಾನೂ ಪಿಯು ಮಕ್ಕಳಿಗೆ ಇದೇ ಪಾಠ ಮಾಡುತ್ತೇನೆ. ಮೊದಲ ವರ್ಷ ಸಿಲಬಸ್ ಮುಗಿಸುವ ಗಡಿಬಿಡಿ. ವ್ಯಾಖ್ಯೆ ಬರೆಸಿ, ಎರಡು ನಾಣ್ಯ ಚಿಮ್ಮಿಸಿ, ನೇರ ಫಾರ್ಮುಲಾಕ್ಕೆ ಹೋದೆ. ಟೆಸ್ಟ್‌ನಲ್ಲಿ ಅರ್ಧಕ್ಕರ್ಧ ಮಕ್ಕಳು ‘ಆದ್ದರಿಂದ ಎಕ್ಸ್ = 1’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಥೇಟ್ ನನ್ನ ಹಾಗೆ. ನಾಣ್ಯದಲ್ಲಿ ತಲೆ ಎಷ್ಟು ಅಂತ ಎಣಿಸಿದರೆ ನಿಯಮ ಕಣ್ಣಿಗೇ ಬೀಳುವುದಿಲ್ಲ, ಎಣಿಕೆ ಮಾತ್ರ ಕಾಣುತ್ತದೆ. ಸೊನ್ನೆಗೆ ಎಂಟು ಕೊಡುವ ಆಟ ಬೇಕು.

ಅವತ್ತು ರಾತ್ರಿ ಹಿತ್ತಿಲ ಒಗೆಯುವ ಕಲ್ಲಿಗೆ ಬೀಜ ಉಜ್ಜುತ್ತಾ ಕೂತೆ. ಎರಡು ಸೀಳಿ ಹೋದವು. ಬೆರಳು ಉರಿ. ನಿವೃತ್ತರಾಗಿದ್ದ ಸರ್‌ಗೆ ಫೋನ್ ಮಾಡಿ, ‘ನಾಳೆ ಚೌಕಾಬಾರ ಆಡಿಸ್ತೀನಿ ಸರ್’ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ.

‘ಮಿಠಾಯಿ ಪಣ ಇಡಬೇಡಮ್ಮ’ ಅಂದರು. ‘ನನಗೆ ಒಂದು ಚೂರೂ ಸಿಗಲಿಲ್ಲ.’