ಕ್ಯಾಂಡಿಯ ಹಣ ಇದ್ದೇ ಇತ್ತಲ್ಲ?

ಜಾನ್ ಸ್ಟೈನ್‌ಬೆಕ್ 1937ರಲ್ಲಿ ಪ್ರಕಟಿಸಿದ 'ಆಫ್ ಮೈಸ್ ಅಂಡ್ ಮೆನ್' ಕಿರುಕಾದಂಬರಿಯನ್ನು ನಾನು ಯಾರಿಗೆ ಓದಲು ಕೊಟ್ಟರೂ, ಓದಿ ಮುಗಿಸಿದವರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: ಗೆಳೆಯ ಲೆನ್ನಿಯ ಕಥೆ ಮುಗಿದರೂ ಮುದುಕ ಕ್ಯಾಂಡಿಯ ಹಣ ಇದ್ದೇ ಇತ್ತಲ್ಲ, ಜಾರ್ಜ್ ಅವನ ಜೊತೆ ಸೇರಿ ತಾವು ಕನಸು ಕಂಡಿದ್ದ ಜಮೀನನ್ನು ಕೊಳ್ಳಬಹುದಿತ್ತಲ್ಲ?

ಪ್ರಶ್ನೆ ನ್ಯಾಯವಾದದ್ದೇ, ಏಕೆಂದರೆ ಲೆಕ್ಕವನ್ನೆಲ್ಲ ಲೇಖಕನೇ ನಮ್ಮ ಮುಂದೆ ಬಿಡಿಸಿಟ್ಟಿದ್ದಾನೆ. ಕ್ಯಾಲಿಫೋರ್ನಿಯಾದ ಸೊಲೆಡಾಡ್ ಬಳಿಯ ರಾಂಚಿಗೆ, ಅಂದರೆ ದೊಡ್ಡ ಕೃಷಿ ತೋಟಕ್ಕೆ, ಕೂಲಿಗೆ ಬಂದ ಅಲೆಮಾರಿ ಗೆಳೆಯರಾದ ಜಾರ್ಜ್ ಮತ್ತು ದೈತ್ಯ ದೇಹದ, ಮಗುವಿನ ಬುದ್ಧಿಯ ಲೆನ್ನಿ ಕನಸು ಕಾಣುವ ಹತ್ತು ಎಕರೆಯ ಬೆಲೆ 600 ಡಾಲರ್. ಅದೇ ರಾಂಚಿನಲ್ಲಿ ಕೈ ಕಳೆದುಕೊಂಡದ್ದಕ್ಕೆ ಕ್ಯಾಂಡಿಗೆ ಸಿಕ್ಕ ಪರಿಹಾರ 250, ಬ್ಯಾಂಕಿನಲ್ಲಿ 50, ತಿಂಗಳ ಕೊನೆಗೆ ಬರುವ ಕೂಲಿ ಇನ್ನೊಂದು 50. ಗೆಳೆಯರಿಬ್ಬರ ಒಂದು ತಿಂಗಳ ದುಡಿಮೆಯ 100 ಸೇರಿದರೆ 450 ಆಗುತ್ತದೆ, ಅಷ್ಟರಲ್ಲಿ ವ್ಯವಹಾರ ಕುದುರೀತೆಂದು ಜಾರ್ಜನೇ ಹೇಳುತ್ತಾನೆ. ಲೆನ್ನಿಯ ಪಾಲನ್ನು ಕಳೆದರೆ ಕೊರತೆ ಬೀಳುವುದು ಕೇವಲ 50 ಡಾಲರ್, ಅಂದರೆ ಜಾರ್ಜನ ಇನ್ನೊಂದು ತಿಂಗಳ ಸಂಬಳ.

ಹಾಗಾದರೆ ಅವನನ್ನು ತಡೆದದ್ದೇನು? ಉತ್ತರ ಕಾದಂಬರಿಯ ಮೊದಲ ರಾತ್ರಿಯಲ್ಲೇ ಇದೆ ಎಂದು ನನಗನ್ನಿಸುತ್ತದೆ. ನದಿಯ ದಂಡೆಯಲ್ಲಿ ಲೆನ್ನಿ ಆ ಜಮೀನಿನ ಕಥೆ ಹೇಳೆಂದು ಪೀಡಿಸುತ್ತಾನೆ. ನೂರು ಸಲ ಕೇಳಿ ಅದು ಅವನಿಗೆ ಬಾಯಿಪಾಠವಾಗಿದ್ದರೂ ಜಾರ್ಜನ ಬಾಯಿಂದಲೇ ಅದು ಬರಬೇಕು. ಈ ಕಥೆಯ ಆರಂಭವನ್ನು ಗಮನಿಸಿ ಓದಬೇಕು. ಮೊದಲು ಬರುವುದು ಲೆನ್ನಿ ತಾನೇ ಮೇವು ಹಾಕಿ ಸಾಕಬೇಕೆಂದಿರುವ ಮೊಲಗಳಲ್ಲ, ಮನೆಯಲ್ಲ, ಬೆಳೆಯೂ ಅಲ್ಲ. ರಾಂಚಿನ ಕೂಲಿಗಳಷ್ಟು ಒಂಟಿಗಳು ಲೋಕದಲ್ಲಿ ಯಾರೂ ಇಲ್ಲ, ಅವರು ದುಡಿದದ್ದನ್ನು ಪೇಟೆಯಲ್ಲಿ ಉಡಾಯಿಸಿ ಮತ್ತೊಂದು ರಾಂಚಿಗೆ ಹೋಗುತ್ತಾರೆ, ನಾವು ಮಾತ್ರ ಹಾಗಲ್ಲ, ನನಗೆ ನೀನಿದ್ದೀಯೆ, ನಿನಗೆ ನಾನಿದ್ದೇನೆ ಎಂಬ ಮಾತಿನಿಂದ ಅದು ಶುರುವಾಗುತ್ತದೆ. ಜಮೀನು ಬರುವುದು ಆಮೇಲೆ, ಆ ಮಾತಿನ ಬೆನ್ನಿಗೆ. ಕೇಳುವವನು ಅಷ್ಟು ಪೂರ್ತಿಯಾಗಿ ನಂಬುತ್ತಿದ್ದುದರಿಂದ ಹೇಳುವವನೂ ನಂಬತೊಡಗಿದ.

ಹೀಗೆ ನಂಬಿಕೆ ಹರಡುವ ಬಗೆಯನ್ನು ಸ್ಟೈನ್‌ಬೆಕ್ ಕ್ರುಕ್ಸ್‌ನಲ್ಲಿಯೂ ತೋರಿಸುತ್ತಾನೆ. ಕಪ್ಪು ಬಣ್ಣದವನೆಂಬ ಕಾರಣಕ್ಕೆ ಬೇರೆಯಾಗಿ ಇರಿಸಲ್ಪಟ್ಟ ಈ ಲಾಯದ ಆಳು, ತಲೆಯಲ್ಲಿ ಜಮೀನು ಹೊತ್ತು ಬಂದ ನೂರಾರು ಮಂದಿಯನ್ನು ಕಂಡಿದ್ದೇನೆ, ಒಬ್ಬನಿಗೂ ಅದು ದಕ್ಕಲಿಲ್ಲ ಎನ್ನುತ್ತಾನೆ. ಆದರೂ ಸ್ವಲ್ಪ ಹೊತ್ತಿನಲ್ಲೇ ಕೂಲಿಯಿಲ್ಲದೆ ಬರೀ ಅನ್ನಕ್ಕೆ ದುಡಿಯಲು ನಾನೂ ಬರಲೇ ಎಂದು ಕೇಳುತ್ತಾನೆ. ಯಜಮಾನನ ಸೊಸೆ ಅವನನ್ನು ನೇಣಿನ ಮಾತಾಡಿ ಬೆದರಿಸಿದ ಬಳಿಕ ಆ ಕೋರಿಕೆಯನ್ನು ಹಿಂದೆಗೆದುಕೊಳ್ಳುವ ಅವನ ದನಿಯನ್ನು ನನ್ನಿಂದ ಇಂದಿಗೂ ಮರೆಯಲಾಗಿಲ್ಲ.

ಅದೇ ಸೊಸೆ ಲೆನ್ನಿಯ ಅರಿಯದ ಬಲಕ್ಕೆ ಸಿಕ್ಕಿ ಕೊಟ್ಟಿಗೆಯಲ್ಲಿ ಸತ್ತು ಬಿದ್ದಾಗ ಕ್ಯಾಂಡಿ ಕೇಳುವುದು ಓದುಗರ ಪ್ರಶ್ನೆಯನ್ನೇ: ನಾವಿಬ್ಬರೂ ಆ ಜಾಗವನ್ನು ಕೊಳ್ಳಬಹುದಲ್ಲವೇ? ಜಾರ್ಜ್ ಉತ್ತರ ಕೊಡುವ ಮೊದಲೇ ಮುದುಕ ತಲೆ ತಗ್ಗಿಸುತ್ತಾನೆ. ಇದು ಆಗದ ಮಾತೆಂದು ಮೊದಲಿನಿಂದಲೂ ಗೊತ್ತಿತ್ತೇನೋ, ಲೆನ್ನಿಗೆ ಕೇಳುವ ಆಸೆ ಅಷ್ಟಿದ್ದುದರಿಂದ ನನಗೂ ಆದೀತು ಅನ್ನಿಸಿತು ಎನ್ನುತ್ತಾನೆ ಜಾರ್ಜ್. ಇನ್ನು ಮುಂದೆ ತಿಂಗಳ 50 ಡಾಲರನ್ನು ಸೂಳೆಮನೆಯಲ್ಲೋ ಆಟದ ಅಡ್ಡೆಯಲ್ಲೋ ಕಳೆಯುವೆನೆಂದೂ ಹೇಳುತ್ತಾನೆ. ನದಿಯ ದಂಡೆಯಲ್ಲಿ, ನಾವು ಹಾಗಲ್ಲ ಎಂದು ಯಾರನ್ನು ಕುರಿತು ಹೇಳಿದ್ದನೋ, ಅವರ ಬಾಳನ್ನೇ ಅವನು ಈಗ ಒಪ್ಪಿಕೊಳ್ಳುತ್ತಿದ್ದಾನೆ. ಕ್ಯಾಂಡಿಯ ಬಳಿ ಹಣವಿತ್ತು, ಒಳ್ಳೆಯತನವೂ ಇತ್ತು. ಆದರೆ ಅವನೊಡನೆ ಆ ಜಮೀನಿಗೆ ಹೋದರೆ ಅಲ್ಲಿ ಮೊಲಗಳಿಗೆ ಮೇವು ಹಾಕುವವರು ಯಾರು?

ಆಮೇಲೆ ಜಾರ್ಜ್ ಲೆನ್ನಿ ಅಡಗಿ ಕುಳಿತ ನದಿಯ ಬಳಿಗೆ ಹೋಗುತ್ತಾನೆ. ಸೊಸೆಯ ಸಾವಿಗೆ ಸೇಡು ತೀರಿಸಲು ಹುಡುಕುತ್ತಿರುವ ರಾಂಚಿನ ಗುಂಪಿನ ಕೈಗೆ ಸಿಕ್ಕಿದರೆ ಗೆಳೆಯನಿಗೆ ಏನಾಗುತ್ತದೆಂದು ಅವನಿಗೆ ಗೊತ್ತಿದೆ. ಲೆನ್ನಿ ಎಂದಿನಂತೆ ಕಥೆ ಹೇಳೆನ್ನುತ್ತಾನೆ, ಜಾರ್ಜ್ ಅವನನ್ನು ಆಚೆ ದಡದತ್ತ ನೋಡಲು ಹೇಳಿ, ಬೆನ್ನ ಹಿಂದೆ ಪಿಸ್ತೂಲು ಹಿಡಿದು, ಮೊದಲ ಮಾತಿನಿಂದಲೇ ಹೇಳತೊಡಗುತ್ತಾನೆ.