ಗೋಧಿ ಮುಸುರಿ

ಜೋಳದ ರೊಟ್ಟಿ ತಿಂದ ಬೆಳದಾಕಿಗೆ ಗೋಧಿ ಬಿಡು ಅಂದ್ರ ಅದೇನ್ ದೊಡ್ಡ ಕಷ್ಟ ಅಂತ ನಾನೂ ಅನ್ಕೊಂಡಿದ್ದೆ. ಡಾಕ್ಟರು ಸೀಲಿಯಾಕ್, ಅಂದ್ರ ಗೋಧಿ ಆಗದ ಕರುಳಿನ ರೋಗ, ಅಂದ ದಿನ ಧಾರವಾಡದಿಂದ ಹುಬ್ಬಳ್ಳಿಗೆ ಬಸ್ಸಿನ್ಯಾಗ ಬರೋದ್ರೊಳಗ ಲೆಕ್ಕ ಹಾಕಿಬಿಟ್ಟಿದ್ದೆ, ಚಪಾತಿ ಹೋತು, ಉಪ್ಪಿಟ್ಟು ಹೋತು, ಶಾವಿಗಿ, ಬ್ರೆಡ್ಡು, ಬಿಸ್ಕಿಟು ಹೋತು, ರೊಟ್ಟಿ, ಝುಣಕ, ಎಣಗಾಯಿ, ಶೇಂಗಾ ಚಟ್ನಿ ಉಳೀತು, ಇನ್ನೇನ್ ಬೇಕು. ಆರು ತಿಂಗಳ ಮ್ಯಾಲೆ ರಕ್ತ ತಗಿಸಿ ನೋಡಿದ್ರ ಈ ರೋಗ ತೋರಸೂ ಟಿಟಿಜಿ ಅನ್ನೂ ಟೆಸ್ಟಿನ ನಂಬರ್ ಇಳದಿತ್ತು ಖರೆ, ಆದ್ರ ಇಳೀಬೇಕಾದಷ್ಟು ಇಳದಿರಲಿಲ್ಲ, ಹೊಟ್ಟಿ ಉಬ್ಬರನೂ ಹಂಗ ಇತ್ತು. ಡಯಟಿಷಿಯನ್ ಮೇಡಂ ಮುಂಜಾನಿಂದ ರಾತ್ರಿ ಮಟ ಏನೇನ್ ತಿಂತೀರಿ ಅಂತ ಎಲ್ಲಾ ಬರಕೊಂಡು ಕಡೀಕ ಒಂದ ಮಾತು ಕೇಳಿದ್ರು, "ಜೋಳ ಎಲ್ಲಿ ಬೀಸಸ್ತೀರಿ?"

ಗಿರಣ್ಯಾಗ. ಮತ್ತೆಲ್ಲಿ ಬೀಸಸ್ತಾರ್ರೀ!

ಅದಕ್ಕ ಮೊದಲಿಂದು ಸ್ವಲ್ಪ ಹೇಳಿಬಿಡ್ತೀನಿ. ಮೂರು ವರ್ಷ ಎಲ್ಲಾರೂ ಗ್ಯಾಸ್ಟ್ರಿಕ್ ಅಂದ್ರು, ನಾನೂ ಗ್ಯಾಸಿನ ಗುಳಿಗಿ ನುಂಗಕೋತ ಕುಂತೆ. ಹೊಟ್ಟಿಬ್ಯಾನಿ, ಜುಲಾಬು, ಮತ್ತ ಹಿಮೋಗ್ಲೋಬಿನ್ 7.8, ಕಬ್ಬಿಣದ ಗುಳಿಗಿ ಎಷ್ಟ ತಗೊಂಡ್ರೂ ಏರವಲ್ದು. ಏರೂದ್ಹೆಂಗ, ಗೋಧಿ, ಜವೆಗೋಧಿ, ರೈ ಅನ್ನೂ ಧಾನ್ಯ ಇವುಗಳೊಳಗಿನ ಗ್ಲುಟೆನ್ ಅನ್ನೂ ಪ್ರೋಟೀನು ಹೊಟ್ಟ್ಯಾಗ ಹೋದ್ರ ನಮ್ಮ ಮೈಯ ರೋಗನಿರೋಧಕ ಶಕ್ತಿನ ಸಣ್ಣ ಕರುಳಿನ ಮ್ಯಾಲೆ ತಿರುಗಿ ಬೀಳತೈತಂತ, ಕರುಳಿನ ಒಳಗಿನ ಬೆರಳಿನಂಥಾ ಎಳಿ ಸವದು ಸಪಾಟ ಆಗ್ತಾವಂತ, ಉಂಡಿದ್ದು ಮೈಗೆ ಹತ್ತಂಗಿಲ್ಲ. ರಕ್ತದ ಟೆಸ್ಟು, ಆಮ್ಯಾಲೆ ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತಗದು ನೋಡಿದ ಮ್ಯಾಲೆ ಗೊತ್ತಾತು. ಒಂದ್ ಮಾತು, ಯಾರಿಗರೆ ಡೌಟ್ ಇದ್ರ ಟೆಸ್ಟ್ ಆಗೂ ಮೊದಲ ಗೋಧಿ ಬಿಡಬ್ಯಾಡ್ರಿ, ಬಿಟ್ರ ರಿಪೋರ್ಟ್ ಸುಳ್ಳ ಸುಳ್ಳ ನಾರ್ಮಲ್ ಬರಬಹುದು.

ಗಿರಣಿ ಕಥಿಗೆ ಬರೋಣು. ಮರುದಿನ ನಾನ ಡಬ್ಬಿ ತಗೊಂಡು ಹೋಗಿ ನಿಂತು ನೋಡಿದೆ. ನನಗಿಂತ ಮುಂದಿದ್ದ ಅಕ್ಕಾರದು ಐದು ಕಿಲೋ ಗೋಧಿ, ಅದು ಮುಗಿಯೂದ ತಡ ಅದರ ಬೆನ್ನ ಹಿಂದನ ನನ್ನ ಜೋಳ ಸುರುವಿದ್ರು. ಮೊದಲ ಬಂದ ಹಿಟ್ಟಿನ ಬಣ್ಣನ ಬ್ಯಾರೆ, ಕೆಂಪಗ, ಆಮ್ಯಾಲೆ ನಿಧಾನಕ ಬೆಳ್ಳಗಾಗಕೋತ ಬಂತು. ಗಿರಣಿ ಅಣ್ಣಾರ ಮೀಸಿ, ಹುಬ್ಬು, ಗ್ವಾಡಿ, ತಕ್ಕಡಿ ಎಲ್ಲಾ ಹಿಟ್ಟ ಹಿಟ್ಟು. ಆರು ತಿಂಗಳ ನಾ ಪಥ್ಯ ಅಂತ ತಿಂದ ರೊಟ್ಯಾಗ ಮಂದೀ ಮನಿ ಗೋಧಿ ಇತ್ತು. ಗ್ಲುಟೆನ್ ಫ್ರೀ ಅಂತ ಪಾಕೀಟಿನ ಮ್ಯಾಲೆ ಬರೀಬೇಕಂದ್ರ ಒಂದು ಕಿಲೋದಾಗ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು, ಇಲ್ಲಿ ಮುಷ್ಟಿಗಟ್ಟಲೆ.

ಮನ್ಯಾಗ ಇದನ್ನ ತಿಳಿಸೂದ ದೊಡ್ಡ ಕೆಲಸ ಆತು. ಕ್ರಾಸ್ ಕಂಟ್ಯಾಮಿನೇಷನ್, ಅಂದ್ರ ಗೋಧಿ ಹಿಟ್ಟು ನನ್ನ ಊಟಕ್ಕ ಹತ್ತೂದು, ಅಂತ ನಾ ಹತ್ತು ಸಲ ಹೇಳಿದೆ, "ಇಷ್ಟ ಇಷ್ಟ ಹತ್ತಿದ್ರ ಏನಾಕ್ಕೈತಿ ಬಿಡವಾ" ಅಂತಿದ್ರು ಅತ್ತಿ. ಒಂದಿನ ಅವರ ಚಪಾತಿ ಹಿಟ್ಟಿನ ಕೈಲೆ ನನ್ನ ರೊಟ್ಟಿ ಮುಟ್ಟಾಕ ಬಂದವರು ತಟ್ನ ಕೈ ಹಿಂದ ತಗೊಂಡು, "ತಡಿ ತಡಿ, ಮುಸುರಿ ಕೈ ಐತಿ" ಅಂದ್ರು. ಅಷ್ಟ ನೋಡ್ರಿ! ಅವತ್ತಿಂದ ನಮ್ಮ ಮನ್ಯಾಗ ಗೋಧಿ ಅಂದ್ರ ಮುಸುರಿ. ನನ್ನ ಹಂಚು, ಪರಾತ, ಲಟ್ಟಣಗಿ, ಉಪ್ಪಿನಕಾಯಿ ಚಮಚ ಸುದ್ದಾ ಬ್ಯಾರೆ, ಗೋಧಿ ಮುಟ್ಟಿದ ಕೈ ತೊಳೀದ ಯಾರೂ ಮುಟ್ಟಂಗಿಲ್ಲ. ಮೇಡಂ ಕೊಟ್ಟ ನಾಕು ಪುಟದ ಪ್ರಿಂಟೌಟ್ ಮಾಡದ ಕೆಲಸ ಆ ಒಂದ ಶಬ್ದ ಮಾಡ್ತು.

ಗಿರಣಿಗೆ ಬದ್ಲಿ ಏನು ಅಂದ್ರ, ಮೊದಲ ಅಟ್ಟದ ಮ್ಯಾಲಿನ ಬೀಸೂಕಲ್ಲ ಇಳಿಸಿದ್ವಿ. ಎರಡ ದಿನಕ್ಕ ನನ್ನ ರಟ್ಟಿ ಬಿದ್ದು ಹೋದ್ವು, ಹಿಂದಿನವರು ಹಾಡು ಹೇಳಕೋತ ಬೀಸ್ತಿದ್ರು ಅಂತಾರ, ನನಗಂತೂ ಹಾಡು ಬರಲಿಲ್ಲ, ಅಳು ಬಂತು. ಆಮ್ಯಾಲೆ 18 ಸಾವಿರ ಕೊಟ್ಟು ಮನ್ಯಾಗ ಇಡೂ ಸಣ್ಣ ಗಿರಣಿ ತಂದ್ವಿ, ಅದರಾಗ ಗೋಧಿ ಹಾಕಂಗಿಲ್ಲ. ಮಾಲದಂಡಿ ಜೋಳನ ತರಸ್ತೀವಿ, ಹಸನ ಮಾಡುವಾಗ ಮರದಾಗ ನಡಬರಕ ಗೋಧಿ ಕಾಳ ಸಿಗ್ತಾವು, ಅವನ್ನ ಆರಸ್ಬೇಕು. ಇಂಗಿನ ಡಬ್ಬಿ ಹಿಂದ ಸಣ್ಣ ಅಕ್ಷರ ಓದಿದ್ರ ಅದರಾಗೂ ಗೋಧಿ ಹಿಟ್ಟು! ಒಗ್ಗರಣಿ ಇಂಗೂ ಬದಲಾತು, ಅಕ್ಕಿ ಹಿಟ್ಟಿಂದು ಸಿಗತೈತಿ, ಹುಡಕಬೇಕು.

ಹೊರಗಿಂದು ಅಷ್ಟಕ್ಕಷ್ಟ. ಮಿರ್ಚಿ ಕಡ್ಲಿ ಹಿಟ್ಟಿಂದ ಅಂತ ಧೈರ್ಯ ಮಾಡಬ್ಯಾಡ್ರಿ, ಅದ ಎಣ್ಣ್ಯಾಗ ಸಮೋಸಾನೂ ಕರದಿರ್ತಾರ. ಗಿರಮಿಟ್ ಆಗತೈತಿ, ಚಮಚ ಮನೀದು. ಖಾನಾವಳಿ ರೊಟ್ಟಿ ಬ್ಯಾಡ, ಕೆಲವ್ರು ಮುರೀಬಾರದಂತ ಸ್ವಲ್ಪ ಗೋಧಿ ಹಿಟ್ಟ ಕೂಡಿಸಿರ್ತಾರ. ಪೇಡಾದಾಗ ಗೋಧಿ ಇರಂಗಿಲ್ಲ, ಆದ್ರ ಕರುಳು ಸುಧಾರಿಸೂ ಮಟ ಹಾಲೂ ಪಚನ ಆಗ್ತಿರಲಿಲ್ಲ, ಎಂಟು ತಿಂಗಳಾದ ಮ್ಯಾಲೆ ಲೈನ್ ಬಜಾರದಾಗ ನಿಂತು ಅರ್ಧ ತಿಂದೆ, ಏನೂ ಆಗಲಿಲ್ಲ, ಇನ್ನರ್ಧಾನೂ ತಿಂದೆ.

ಹಬ್ಬದ ಗೋಧಿ ಹುಗ್ಗಿ ಜಾಗಾಕ್ಕ ನವಣಿ ಹುಗ್ಗಿ ಬಂತು, ಬೆಲ್ಲ ತುಪ್ಪ ಬಿದ್ರ ಯಾರಿಗೂ ತಕರಾರಿಲ್ಲ. ತ್ರಾಸ ಕೊಟ್ಟಿದ್ದು ಹೋಳಿಗಿ. ಮೈದಾ ಕಣಕ ಹೂರಣದ ಮ್ಯಾಲೆ ಹೆಂಗ ಎಳದಂಗ ಬರತೈತಿ ಅದು ಗ್ಲುಟೆನ್‌ನ ಆಟ, ಜೋಳದಾಗ, ಅಕ್ಕ್ಯಾಗ ಅದಿಲ್ಲ. ರೊಟ್ಟಿಗೆ ಕುದಿಯೂ ನೀರು ಹಾಕಿ ನಾದೂದು ಅದಕ್ಕ, ಬಿಸಿಗೆ ಹಿಟ್ಟು ಬೆಂದು ಜಿಗಟ ಬರತೈತಿ. ಅಕ್ಕಿ ಹಿಟ್ಟಿಗೂ ಹಂಗ ಮಾಡಿದೆ, ಹೂರಣ ತುಂಬಿ ತಟ್ಟೂದ್ರಾಗ ಹರದು ಹಂಚಿನ ಮ್ಯಾಲೆಲ್ಲಾ ಬೆಲ್ಲ ಕರ್ರಗಾತು. ಎರಡನೇ ಸಲ ಮಾವಾರ ಇಸಬಗೋಲ ಡಬ್ಬಿ ಕಣ್ಣಿಗೆ ಬಿತ್ತು. ಎರಡು ಸಣ್ಣ ಚಮಚ ಬಿಸಿನೀರಾಗ ನೆನಸಿದೆ, ಅಂಟಿನಂಗ ಆತು, ಅದನ್ನ ಒಂದು ಬಟ್ಟಲ ಅಕ್ಕಿ ಹಿಟ್ಟಿಗೆ ಹಾಕಿ, ಎಣ್ಣಿ ಹಚ್ಚಿ ನಾದಿ, ಇಪ್ಪತ್ತು ನಿಮಿಷ ಮುಚ್ಚಿಟ್ಟು, ಬಾಳಿ ಎಲಿ ಮ್ಯಾಲೆ ಎಣ್ಣಿ ಕೈಲೆ ತಟ್ಟಿದೆ. ಮೈದಾದ್ದರಷ್ಟು ತೆಳ್ಳಗ ಆಗಲಿಲ್ಲ, ಆದ್ರ ಹರೀಲಿಲ್ಲ. ಅತ್ತಿ ಒಂದ್ ತುತ್ತು ತಿಂದು, "ಹೋಳಿಗಿ ಅಲ್ಲ ಬಿಡು, ಆದ್ರ ಛಲೋ ಐತಿ" ಅಂದ್ರು. ನನಗೂ ಹಂಗ ಅನಿಸ್ತು.

ಮಾವಾರು ಹೊಸ ಇಸಬಗೋಲ ತಂದು ಡಬ್ಬಿ ಮ್ಯಾಲೆ ಪೆನ್ನಿಲೆ ತಮ್ಮ ಹೆಸರು ಬರದಿಟ್ಟಾರ.