ದೋಸ್ತಿ ಯಾರ ಜೋಡಿ, ಹತ್ತಿ ರೇಟ್ ಯಾರ ಕೈಯಾಗ

ಟ್ರಂಪ್ ನಮ್ಮ ದೇಶದ ದೋಸ್ತ್ ಹೌದೋ ಅಲ್ಲೋ ಅನ್ನೋ ವಾದ ಇನ್ನೂ ಮುಗಿಯವಲ್ದು. 2019ರಾಗ ಹ್ಯೂಸ್ಟನ್‌ನ್ಯಾಗ ಮೋದಿ, ಟ್ರಂಪ್ ಕೂಡಿದ ಹೌಡಿ ಮೋದಿ ಸಮಾವೇಶ ಆತು, 2020ರ ಫೆಬ್ರುವರಿಯಾಗ ಅಹಮದಾಬಾದ್‌ನ್ಯಾಗ ನಮಸ್ತೆ ಟ್ರಂಪ್ ಆತು, ಅವತ್ತ ಆ ಫೋಟೋ ಸ್ಟೇಟಸ್ ಇಟ್ಕೊಂಡವ್ರ 2025ರ ಆಗಸ್ಟ್‌ನ್ಯಾಗ ನಮ್ಮ ಮಾಲಿನ ಮ್ಯಾಲೆ ಅಮೆರಿಕಾ ಹಾಕೂ ಸುಂಕ ಶೇಕಡಾ 50ಕ್ಕ ಹೋದಾಗ ಬೈಯಾಕ ಸುರು ಮಾಡಿದ್ರು. ನನಗಂತೂ ವಾದಾನ ಹಾದಿ ತಪ್ಪೇತಿ ಅನಸ್ತೈತಿ. ವೈಟ್ ಹೌಸ್‌ನ್ಯಾಗ ಕುಂತ ಮನಷ್ಯಾ ನಮ್ಮನ್ನ ಅಪ್ಪಿಕೊಂಡ್ನೋ ಬೈದ್ನೋ ಅನ್ನೋದ್ರಾಗ ಏನೂ ಇಲ್ಲ. ಅಮೆರಿಕಾ ಅನ್ನೋ ಸರ್ಕಾರ ಎಷ್ಟ ವರ್ಷದಿಂದ ಏನ ಮಾಡಕೋತ ಬಂದೈತಿ ಅದನ್ನ ನೋಡಬೇಕು, ಅದನ್ನ ನೋಡಾಕ ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಮಂದಿಗೆ ಒಂದ ಬೆಳಿ ಸಾಕು, ಹತ್ತಿ.

ನಮ್ಮ ಎರಿ ಹೊಲಕ್ಕೂ ಅಮೆರಿಕಾಕ್ಕೂ ನಂಟು ಇವತ್ತಿಂದಲ್ಲ. 1840ರ ದಶಕದಾಗ ಇಂಗ್ಲಿಷರು ನ್ಯೂ ಆರ್ಲಿಯನ್ಸ್ ಹತ್ತಿ ಬೀಜ ತಂದು ಈ ಸೀಮ್ಯಾಗ ಬಿತ್ತಿಸಿದ್ರು, ಧಾರವಾಡ ಅಮೆರಿಕನ್ ಅಂತ ಆ ಹತ್ತಿಗೆ ಹೆಸರಾತು. 1861ರಾಗ ಅಲ್ಲಿ ಅಂತರ್ಯುದ್ಧ ಸುರು ಆಗಿ ಲಿಂಕನ್ ಸರ್ಕಾರ ಹತ್ತಿ ಸಾಗಸೋ ದಕ್ಷಿಣದ ಬಂದರುಗಳನ್ನ ಮುಚ್ಚಿಸಿದ ಮ್ಯಾಲೆ ಇಂಗ್ಲೆಂಡಿನ ಲ್ಯಾಂಕಾಷೈರ್ ಮಿಲ್ಲುಗಳಿಗೆ ಅರಳಿ ಬರೂದು ನಿಂತು, ಇಲ್ಲಿ ಹತ್ತಿಗೆ ಎಂದೂ ಕಾಣದ ರೇಟ್ ಬಂತು, ಕಾರವಾರ ಬಂದರ ಬೆಳಸಿದ್ದ ಈ ಹತ್ತಿ ಸಾಗಸೋ ಸಲುವಾಗಿ. 1865ರಾಗ ಯುದ್ಧ ಮುಗೀತು, ರೇಟ್ ಧಡಕ್ಕನ ಬಿತ್ತು, ಮುಂಬೈಯಾಗ ಬ್ಯಾಂಕುಗಳು ಮುಳಗಿದ್ವು. ರೈತಾಂದು ಏನ ತಪ್ಪಿತ್ತು? ಏನೂ ಇಲ್ಲ. ಏಳು ಸಮುದ್ರದ ಆಚೆ ತಗೊಂಡ ನಿರ್ಧಾರಕ್ಕ ಇಲ್ಲಿ ಲೆಕ್ಕಾ ಚುಕ್ತಾ ಆತು, ಅಷ್ಟ.

ಇನ್ನೊಂದು ಮಾತು, ಅಮೆರಿಕಾದ ಹತ್ತಿ ಸೋವಿ ಅಂತಾರಲ್ಲ, ಅದು ತನ್ನ ಖರೇ ಖರ್ಚಿನಾಗ ಬೆಳದ ಸೋವಿ ಆಗಿದ್ದಲ್ಲ. ಆವಾಗ ಗುಲಾಮರನ್ನ ಪುಕ್ಕಟೆ ದುಡಿಸಿ ಸೋವಿ ಮಾಡಿದ್ರು, ನಮ್ಮ ಕಾಲಕ್ಕ ಸರ್ಕಾರದ ಸಬ್ಸಿಡಿ ಕೊಟ್ಟು ಸೋವಿ ಮಾಡ್ಯಾರ.

ಈ ಸಬ್ಸಿಡಿ ಕಥಿ ಎಲ್ಲಾರೂ ತಿಳ್ಕೋಬೇಕು, ಯಾಕಂದ್ರ ಅಮೆರಿಕಾದ ಗುಣ ಅದರಾಗ ಪೂರ್ತಿ ಕಾಣತೈತಿ. 2002ರಾಗ ಬ್ರೆಜಿಲ್ ವಿಶ್ವ ವ್ಯಾಪಾರ ಸಂಸ್ಥೆಗೆ ಹೋಗಿ, ಅಮೆರಿಕಾ ತನ್ನ ಹತ್ತಿ ಬೆಳೆಗಾರ್ರಿಗೆ ಕೊಡೋ ರೊಕ್ಕದಿಂದ ಜಗತ್ತಿನ ರೇಟ್ ಬೀಳಾಕತೈತಿ ಅಂತ ಕೇಸ್ ಹಾಕ್ತು. ಅಮೆರಿಕಾ ಸೋತ್ತು, ಅಪೀಲ್ ಹೋಗಿ 2005ರಾಗ ಮತ್ತ ಸೋತ್ತು, ಆದ್ರೂ ಸಬ್ಸಿಡಿ ಸರಿಯಾಗಿ ನಿಲ್ಲಸಲಿಲ್ಲ. 2009ರಾಗ ಬ್ರೆಜಿಲ್‌ಗೆ ತಿರುಗಿ ಸುಂಕ ಹಾಕಾಕ ಪರವಾನಗಿ ಸಿಕ್ಕಾಗ ಅಮೆರಿಕಾ ಮಾಡಿದ್ದೇನು ಗೊತ್ತೇನ್ರಿ, 2010ರಾಗ ಒಂದು ಒಪ್ಪಂದ ಮಾಡ್ಕೊಂಡು ವರ್ಷಕ್ಕ 14.73 ಕೋಟಿ ಡಾಲರ್ ಬ್ರೆಜಿಲ್ ಹತ್ತಿ ಮಂದಿಗೆ ಕೊಡಾಕ ಒಪ್ಪಿತು, ಕಡೀಕ 2014ರಾಗ 30 ಕೋಟಿ ಡಾಲರ್ ಕೊಟ್ಟು ಕೇಸ್ ಮುಗಿಸ್ತು. ತನ್ನವರಿಗೆ ಕೊಡೋದು ಬಿಡೂ ಬದ್ಲಿ ಕೇಸ್ ಹಾಕಿದವರ ಬಾಯಿಗೂ ರೊಕ್ಕ ಹಾಕ್ತು. ಅದ ದೂರು ಹೇಳಿದ ಮಾಲಿ, ಬುರ್ಕಿನಾ ಫಾಸೊ, ಬೆನಿನ್, ಚಾಡ್ ಅನ್ನೋ ಬಡ ಆಫ್ರಿಕನ್ ದೇಶಗಳಿಗೆ ಇಂಥಾ ಪರಿಹಾರ ಸಿಗಲಿಲ್ಲ, ಅವ್ರ ಕೈಯಾಗ ಹೆದರಸೋ ತಾಕತ್ ಇರಲಿಲ್ಲ.

ಇದೆಲ್ಲಾ ಬುಷ್, ಒಬಾಮಾ ಕಾಲದ್ದು, ಟ್ರಂಪ್‌ದಲ್ಲ. ಆ ಸಂಸ್ಥೆಯ ಅಪೀಲ್ ಕೋರ್ಟಿಗೆ ಹೊಸ ಜಡ್ಜ್ ನೇಮಕ ಆಗದಂಗ ತಡದದ್ದೂ ಅಮೆರಿಕಾನ, 2019ರ ಡಿಸೆಂಬರ್‌ನಿಂದ ಅದು ಬಾಗಿಲಾ ಹಾಕಿದಂಗ ಐತಿ, ಬೈಡನ್ ಬಂದ ಮ್ಯಾಲೂ ತಗೀಲಿಲ್ಲ. ಈಗ ಕೇಸ್ ಗೆದ್ರೂ ಸೋತವ್ರು ಅಪೀಲ್ ಅಂತ ಒಂದ ಅರ್ಜಿ ಒಗದು ಸುಮ್ಮನ ಕೂಡಬಹುದು, ಕೇಳಾಕ ಯಾರೂ ಇಲ್ಲ. ಮ್ಯಾಲೆ 2018ರ ನವೆಂಬರ್‌ನ್ಯಾಗ ಇದ ಅಮೆರಿಕಾ, ಭಾರತ ತನ್ನ ಹತ್ತಿ ರೈತರಿಗೆ ಬೆಂಬಲ ಬೆಲೆ ಜಾಸ್ತಿ ಕೊಡತೈತಿ ಅಂತ ಅದ ಸಂಸ್ಥೆ ಮುಂದ ದೂರು ಕೊಡ್ತು. ಓದಿದಾಗ ಹೊಟ್ಟಿ ಉರೀತು ನನಗ. ನಮ್ಮ ರೈತಗ ಸಿಗೋ ಬೆಂಬಲ ಬೆಲೆ ಏನು, ಅದು ಕೈಗೆ ಹತ್ತಬೇಕಾದ್ರ ಎಷ್ಟ ಒದ್ದಾಡಬೇಕು ಅನ್ನೋದು ಒಮ್ಮೆ ಎಪಿಎಂಸಿಗೆ ಬಂದು ನೋಡಿದ್ರ ಗೊತ್ತಾಕ್ಕಿತ್ತು.

2025ಕ್ಕ ಬರೂಣು. ಅಮೆರಿಕಾ ನಮ್ಮ ಮ್ಯಾಲೆ ಹಾಕಿದ ಸುಂಕ ಆಗಸ್ಟ್ 7ಕ್ಕ ಶೇಕಡಾ 25, ಆಗಸ್ಟ್ 27ಕ್ಕ ರಷ್ಯಾದ ಎಣ್ಣಿ ತಗೋತೀರಿ ಅಂತ ದಂಡ ಮತ್ತ 25. ಆ ಎಣ್ಣಿ ನಮಗಿಂತ ಹೆಚ್ಚ ತಗೊಳ್ಳೋ ಚೀನಾಕ್ಕ ಆ ದಂಡ ಬೀಳಲಿಲ್ಲ. ಭಾರತ ರಷ್ಯಾದ ಎಣ್ಣಿ ಕೊಳ್ಳಲಿ, ಜಗತ್ತಿನ್ಯಾಗ ರೇಟ್ ಏರಬಾರದು ಅಂತ ಅಮೆರಿಕಾಕ್ಕೂ ಬೇಕಿತ್ತು ಅಂತ 2024ರಾಗ ದಿಲ್ಲಿಯಾಗಿದ್ದ ಅಮೆರಿಕಾದ ರಾಯಭಾರಿ ಎರಿಕ್ ಗಾರ್ಸೆಟ್ಟಿನ ಹೇಳಿದ್ರು. ಒಂದ ವರ್ಷದಾಗ ಅದ ಕೆಲಸ ಅಪರಾಧ ಆತು.

ತಿರುಪ್ಪೂರಿನ ಬಟ್ಟಿ ಫ್ಯಾಕ್ಟರಿಗಳಿಗೆ ಪೆಟ್ಟ ಬಿತ್ತು, ಅದು ಟಿವಿಯಾಗ ಬಂತು. ಟಿವಿಯಾಗ ಜಾಸ್ತಿ ಬರದೇ ಇದ್ದದ್ದು ಏನಂದ್ರ, ಆ ಫ್ಯಾಕ್ಟರಿಗಳಿಗೆ ಆಸರ ಆಗಲಿ ಅಂತ ನಮ್ಮ ಕೇಂದ್ರ ಸರ್ಕಾರ ಆಗಸ್ಟ್ 19ಕ್ಕ ಹತ್ತಿ ಆಮದಿನ ಮ್ಯಾಲಿದ್ದ ಶೇಕಡಾ 11 ಸುಂಕ ತಗದ್ ಹಾಕ್ತು, ಮೊದಲ ಸೆಪ್ಟೆಂಬರ್ 30ರ ತನಕ, ಆಮ್ಯಾಲೆ ಡಿಸೆಂಬರ್ 31ರ ತನಕ. ನಮ್ಮ ಕಡೆ ಹತ್ತಿ ಬಿಡಸೋ ಹಂಗಾಮು ಅದ. ಅಮೆರಿಕಾ ಹೊಡದದ್ದು ಫ್ಯಾಕ್ಟರಿಗೆ, ನಮ್ಮ ಸರ್ಕಾರ ಮುಂದ ನಿಲ್ಲಿಸಿದ್ದು ರೈತನ್ನ.

ಪ್ಯಾಟ್ಯಾಗ ನೋಡ್ರಿ, ದಲಾಲಿ ಅಂಗಡಿ ಮುಂದ ಹತ್ತಿ ತುಂಬಿದ ಅಂಡಗಿ ಬಿಚ್ಚಿ ಇಟ್ಟಿರ್ತಾರ, ಖರೀದಿದಾರ ಒಳಗ ಮೊಳಕೈ ತನಕ ಕೈ ಹಾಕಿ ತಳದಾಗಿನ ಹತ್ತಿ ತಗೀತಾನ, ಎರಡು ಹೆಬ್ಬೆರಳಿನ ನಡುವ ಎಳಿ ಹಿಗ್ಗಿಸಿ ಉದ್ದ ನೋಡ್ತಾನ, ಒಂದ ಕಾಳು ಕಡದು ಹಸಿ ಐತೇನ ಅಂತ ನೋಡ್ತಾನ, ಆಮ್ಯಾಲೆ ಹೊರಗಿನ ಮಾಲ್ ಬರಾಕತೈತ್ರಿ, ಮಿಲ್ಲಿನವ್ರು ಕೇಳವಲ್ರು ಅಂತಾನ. 2025-26ರ ಹಂಗಾಮಿಗೆ ಬೆಂಬಲ ಬೆಲೆ ಉದ್ದ ಎಳಿಗೆ ಕ್ವಿಂಟಾಲಿಗೆ 8,110, ಮಧ್ಯಮ ಎಳಿಗೆ 7,710 ರೂಪಾಯಿ ಇತ್ತು, ಪ್ಯಾಟಿ ರೇಟ್ ಅದರ ಕೆಳಗ ಇತ್ತು. ಕೇಂದ್ರ ಸರ್ಕಾರದ ಹತ್ತಿ ನಿಗಮ ಸಿಸಿಐ ತಗೋತೈತಿ, ಖರೆ, ಆದ್ರ ಆಪ್‌ನ್ಯಾಗ ಹೆಸರ ಹಚ್ಚಬೇಕು, ತೇವ ಶೇಕಡಾ 12 ದಾಟಿದ್ರ ವಾಪಸ್ ಕಳಸ್ತಾರ. ಮಳಿಯಾಗ ತೊಯ್ದ ಹತ್ತಿ ಒಣಗಿಸ್ಕೋತ ಕುಂದ್ರಾಕ ಸಾಲಗಾರ ಬಿಡಬೇಕಲ್ಲ.

ಹತ್ತಿ ಬ್ಯಾಡಂತ ಗೋವಿನಜೋಳಕ್ಕ ಹೋದವ್ರ ಕಥೀನೂ ಇದ ಆಗಾಕತೈತಿ. ಭಾರತದಾಗ 140 ಕೋಟಿ ಮಂದಿ ಅದಾರ, ಅಮೆರಿಕಾದ ಗೋವಿನಜೋಳ ಒಂದ ಬುಶೆಲ್ (ಅಲ್ಲಿನ ಕಾಳಿನ ಅಳತಿ) ಯಾಕ ಕೊಳ್ಳಂಗಿಲ್ಲ ಅಂತ ಅಮೆರಿಕಾದ ವಾಣಿಜ್ಯ ಕಾರ್ಯದರ್ಶಿ ಹೊವಾರ್ಡ್ ಲುಟ್ನಿಕ್ 2025ರ ಸೆಪ್ಟೆಂಬರ್‌ನ್ಯಾಗ ಸಿಟ್ಟಿಲೆ ಕೇಳಿದ್ರು. ಸುಮಾರು ಎರಡು ತಿಂಗಳಿಗೆ, ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ಇದ್ರೂ ಕೊಳ್ಳವ್ರಿಲ್ಲ ಅಂತ ಗದಗ ಜಿಲ್ಲಾದ ಲಕ್ಷ್ಮೇಶ್ವರದಾಗ ರೈತರು ಧರಣಿ ಕುಂತ್ರು. ನಮ್ಮಲ್ಲಿ ಬೆಳದದ್ದಕ್ಕ ಗಿರಾಕಿ ಇಲ್ಲ, ಅವರದ್ದು ತಗೋರಿ ಅಂತ ಒತ್ತಾಯ, ಮತ್ತ ಅವರದ್ದು ಬಹುತೇಕ ಕುಲಾಂತರಿ ಬೀಜದ ಬೆಳಿ.

ಹಿಂಗಾಗಿ ನಾನು ಕೇಳೋದು ವಾಷಿಂಗ್ಟನ್‌ಗಲ್ಲ, ದಿಲ್ಲಿಗೆ. ಆ ಶೇಕಡಾ 11 ಆಮದು ಸುಂಕ ಹಂಗಾಮಿನ್ಯಾಗ ಮತ್ತ ತಗದ್ ಹಾಕಬ್ಯಾಡ್ರಿ, ಖರೀದಿ ಕೇಂದ್ರ ಹತ್ತಿ ಪ್ಯಾಟಿಗೆ ಬರೂ ಮೊದ್ಲ ಸುರು ಮಾಡ್ರಿ, ಅಮೆರಿಕಾ ಜೋಡಿ ಒಪ್ಪಂದಕ್ಕ ಕುಂತಾಗ ಹತ್ತಿ, ಗೋವಿನಜೋಳ ಎರಡನ್ನೂ ಮೇಜಿನ ಮ್ಯಾಲೆ ಇಡಬ್ಯಾಡ್ರಿ. ನಮ್ಮ ಮೂರೂ ಜಿಲ್ಲಾದ ಎಂಪಿಗಳು ಇದನ್ನ ಲೋಕಸಭಾದಾಗ ಎದ್ದ ನಿಂತು ಕೇಳಬೇಕು, ಮುಂದಿನ ಸಲ ಊರಿಗೆ ಬಂದಾಗ ಅವರನ್ನ ನಾವು ಕೇಳೋಣು.